ಹೆಚ್ಚುವರಿ ಬಾಡಿ ಕ್ಯಾಪ್ ಇದ್ದರೆ ಪಿನ್‌ಹೋಲ್ ಮಾಡಿಕೊಳ್ಳಿ
ಲೆನ್ಸ್ ಬದಲು ಸೂಜಿಮೊನೆಯಷ್ಟು ತೂತಿನಿಂದ ಚಿತ್ರ ತೆಗೆಯುವುದೇ ಪಿನ್‌ಹೋಲ್. ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇರುವವರು ಬಾಡಿ ಕ್ಯಾಪ್‌ನ, ಅಂದರೆ ಲೆನ್ಸ್ ತೆಗೆದಾಗ ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳದ, ನಟ್ಟನಡುವೆ 6 ಮಿ.ಮೀ. ತೂತು ಕೊರೆದು, ಪುಡಿಯನ್ನೆಲ್ಲ ತೊಳೆದು ಒಣಗಿಸಿ. ಒಂದು ಚೂರು ಉಳಿದರೂ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂರುತ್ತದೆ. ಪಿನ್‌ಹೋಲ್ ಚಿತ್ರದಲ್ಲಿ ಧೂಳಿನ ಕಣವೂ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ.

ನಿಜವಾದ ಕೆಲಸವಿರುವುದು ಕ್ಯಾಪ್‌ನ ತೂತಿಗೆ ಮುಚ್ಚುವ ತಗಡಿನಲ್ಲಿ ಮಾಡುವ ಸೂಜಿಯ ತೂತಿನಲ್ಲಿ. ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡನ್ನು ರಟ್ಟಿನ ಮೇಲಿಟ್ಟು, ಸಣ್ಣ ಸೂಜಿಯ ತುದಿಯನ್ನಷ್ಟೇ ಒತ್ತಿ ತಿರುಗಿಸಿ. ಹಿಂದೆ ಉಬ್ಬಿದ್ದನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಸೂಜಿ ತಾಗಿಸಿ. ತೂತು 0.3 ಮಿ.ಮೀ. ಇರಬೇಕು. ಅಳೆಯುವುದು ಹೇಗೆ ಎನ್ನುತ್ತೀರಾ? 1200 ಡಿಪಿಐಯಲ್ಲಿ (ಇಂಚಿಗೆ 1200 ಚುಕ್ಕೆ) ಸ್ಕ್ಯಾನ್ ಮಾಡಿ ನೋಡಿ, ಸುಮಾರು 14 ಪಿಕ್ಸೆಲ್ ಅಗಲ ಬಂದರೆ ಸರಿಯಾಗಿದೆ. ನಾನು ಅವಸರಪಟ್ಟು ಮೊದಲ ಮೂರನ್ನು ಕೆಡಿಸಿದೆ, ಡಬ್ಬಿಗೇನೂ ಬರವಿರಲಿಲ್ಲ.

ತಗಡಿನ ಒಳಮುಖಕ್ಕೆ ಕಪ್ಪು ಮಾರ್ಕರ್ ಬಳಿದು, ಬೆಳಕು ನುಸುಳದಂತೆ ಕಪ್ಪು ಟೇಪಿನಿಂದ ಕ್ಯಾಪ್‌ನ ತೂತಿನ ಮೇಲೆ ಅಂಟಿಸಿ. ಕ್ಯಾಮೆರಾ ಮ್ಯಾನುಯಲ್‌ನಲ್ಲಿರಲಿ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್), ಟ್ರೈಪಾಡ್ ಬೇಕೇ ಬೇಕು. ಮಟಮಟ ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100ರಲ್ಲಿ ಶಟರ್ 1 ಸೆಕೆಂಡು ತೆರೆದಿದ್ದರೆ ಸಾಕು. ಮೋಡವಿದ್ದರೆ 8 ಸೆಕೆಂಡಿನಿಂದ ಶುರು ಮಾಡಿ. ವ್ಯೂಫೈಂಡರ್‌ನಲ್ಲಿ ಹೆಚ್ಚುಕಡಿಮೆ ಕತ್ತಲೆಯೇ, ಅಂದಾಜಿನ ಮೇಲೆ ಗುರಿಯಿಡಬೇಕು.

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲಿ ಸೆನ್ಸರ್ ಕ್ಯಾಪ್‌ಗೆ ಹತ್ತಿರವಿರುವುದರಿಂದ ತೂತು 0.2 ಮಿ.ಮೀ. ಇರಲಿ.