ಸಂದು ಹತ್ತು, ಗೂಟ ಎಷ್ಟು? ತೋಟದಲ್ಲೇ ಲೆಕ್ಕ ಕಲಿಸುವುದು ಹೇಗೆ

ಅಡಿಕೆ ಸಸಿ ನೆಡುವಾಗ ಮಕ್ಕಳನ್ನೂ ತೋಟಕ್ಕೆ ಕರ್ಕೊಂಡು ಹೋಗಿ ಅಂದರೆ, ಅಪ್ಪ-ಅಮ್ಮ ಕರ್ಕೊಂಡೇನೋ ಹೋಗುತ್ತಾರೆ. ಅಲ್ಲಿ ನಿಂತು 'ತೊಂಬತ್ತನ್ನು ಒಂಬತ್ತರಿಂದ ಭಾಗಿಸು' ಅಂತ ಬಾಯಲ್ಲೇ ಕೇಳುತ್ತಾರೆ. ಮಗು ತಡವರಿಸಿದರೆ ಉತ್ತರವನ್ನೂ ತಾವೇ ಹೇಳುತ್ತಾರೆ. ಅದಕ್ಕೆ ತೋಟ ಯಾಕೆ, ಸ್ಲೇಟೇ ಸಾಕಲ್ವಾ?

ಮೊದಲು ಅಳತೆಯ ಟೇಪು, ಹಗ್ಗ, ಒಂದಷ್ಟು ಗೂಟ ಜೋಡಿಸಿಕೊಳ್ಳಿ. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಸಸಿಯಿಂದ ಸಸಿಗೆ ಒಂಬತ್ತು ಅಡಿ ಸಂದು ಬಿಡಬೇಕಲ್ಲ, ಒಂಬತ್ತು ಅಡಿಗೊಂದು ಗುರುತು ಮಾಡಿ, ಆದರೆ ಗಂಟು ಹಾಕಬೇಡಿ. ಗಂಟೇ ಒಂದೆರಡು ಇಂಚು ನುಂಗುತ್ತದೆ. ಬಟ್ಟೆ ಚಿಂದಿ ಕಟ್ಟಿದರೆ ಸಾಕು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. 90 ಅಡಿ ಹಗ್ಗ ಎಳೆದು, ಎಷ್ಟು ಗೂಟ ಬೇಕು ಅಂತ ಕೇಳಿ. 'ಹತ್ತು' ಅನ್ನುತ್ತದೆ ಮಗು. ತಿದ್ದಬೇಡಿ, ಎಣಿಸಿ ಹತ್ತೇ ಕೊಡಿ. ಹಗ್ಗದ ತುದಿಯಲ್ಲಿ ಒಂದು, ಒಂಬತ್ತನೇ ಅಡಿಗೊಂದು ಅಂತ ಹೊಡೆಯುತ್ತಾ ಹೋದರೆ ಹತ್ತನೆಯದು 81ನೇ ಅಡಿಗೇ ಮುಗಿಯುತ್ತದೆ. ಕೊನೆಯ ತುದಿ ಬೋಳು. ಈಗ ಸುಮ್ನಿರುವುದೇ ಕಷ್ಟ, ಆದರೂ ಸುಮ್ನಿರಿ. ನನ್ನ ಮಗಳು ಕೈಯಲ್ಲಿ ಸುತ್ತಿಗೆ ಹಿಡಿದು ಮೊದಲ ಗೂಟದವರೆಗೂ ವಾಪಸ್ ನಡೆದು ಎಣಿಸಿದಳು, ಮತ್ತೆ ಬಂದಳು, ಮತ್ತೆ ಎಣಿಸಿದಳು. ಆಮೇಲೆ, 'ಅಪ್ಪಾ, ಮೊದಲನೇ ಗೂಟದ ಹಿಂದೆ ಸಂದೇ ಇಲ್ಲ!' ಅಂದಳು. ಆಗ ಅಂಗೈ ಅಗಲಿಸಿ ತೋರಿಸಿ: ಬೆರಳು ಐದು, ಸಂದು ನಾಲ್ಕು. ಅದು ಗಟ್ಟಿಯಾದ ಮೇಲೆ, ತೋಟದ ಸುತ್ತ ಬೇಲಿ ಹಾಕಿದರೂ ಒಂದು ಕಂಬ ಜಾಸ್ತಿ ಬೇಕಾ ಅಂತ ಕೇಳಿ. ಬೇಡ, ಸುತ್ತಿ ಬಂದರೆ ಕಂಬವೂ ಸಂದೂ ಸಮ. ಇದನ್ನು ಹೇಳಿಬಿಡಬೇಡಿ, ಕಡ್ಡಿ ಚುಚ್ಚಿ ನೋಡಲಿ.

ಮೂಲೆ ನೇರ ಮಾಡುವುದು ಸುಲಭ. ಒಂದು ಬದಿ 9 ಅಡಿ, ಇನ್ನೊಂದು ಬದಿ 12, ಓರೆಗೆ 15 ಬಂದರೆ ಮೂಲೆ ಸರಿ.

ಇನ್ನು ಗುಂಟೆ. 33 ಅಡಿ ಉದ್ದ, 33 ಅಡಿ ಅಗಲ ಹಗ್ಗ ಎಳೆದು ಅದರೊಳಗೆ ಓಡಾಡಿಸಿ. ಗುಂಟೆ ಅಳೆಯುವ ಫೋನ್ ಆ್ಯಪ್ ತಾಳೆ ನೋಡೋಕೆ ಮಾತ್ರ ಇರಲಿ. 1,089 ಚದರ ಅಡಿ, ಸಸಿಗೆ ಒಂಬತ್ತು ಒಂಬತ್ತಲ 81ರಂತೆ ಹದಿಮೂರು ಸಸಿ. ಎಕರೆಗೆ 40 ಗುಂಟೆ, ಅಂದರೆ 520. ಆದರೆ ಎಕರೆಯ 43,560 ಚದರ ಅಡಿಯನ್ನೇ ನೇರ 81ರಿಂದ ಭಾಗಿಸಿದರೆ 537 ಬರುತ್ತದೆ! ಹದಿನೇಳು ಸಸಿ ಎಲ್ಲಿಂದ ಬಂತು? ಗುಂಟೆಗೆ 36 ಚದರ ಅಡಿ ಶೇಷ ಬಿಟ್ಟಿದ್ದನ್ನು ಮಗುವೇ ಹುಡುಕಲಿ, ಎರಡು ದಿನ ಹಿಡಿದರೂ ಪರವಾಗಿಲ್ಲ.

ಅಡುಗೆಮನೆಗೆ ಬಂದರೆ ಇಡ್ಲಿ ಹಿಟ್ಟು: ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು, ನೆಂಟರು ಬಂದರೆ ಎಷ್ಟು? ಬಣ್ಣದ ಪ್ಲಾಸ್ಟಿಕ್ ಗಣಿತ ಕಿಟ್ಟು ತರಬೇಡಿ, ದುಡ್ಡು ದಂಡ. ಪಾವು ಇದ್ದರೆ ಸಾಕು. ಒಂದೇ ಎಚ್ಚರಿಕೆ, ಅಕ್ಕಿಯನ್ನು ಗೋಪುರ ಮಾಡಿ ತುಂಬಿ ಉದ್ದನ್ನು ಸವರಿ ಅಳೆದರೆ ಲೆಕ್ಕವೂ ಕೆಟ್ಟಿತು, ಇಡ್ಲಿಯೂ ಕಲ್ಲಾಯಿತು.