ಹಳೆ ಕಾಂಪೋಸಿಟ್ ಫಿಲ್ಲಿಂಗ್: ಕೀಳುವ ಮೊದಲು ರಿಪೇರಿ ನೋಡಿ

ದಂತವೈದ್ಯರೇ, ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳದ) ಫಿಲ್ಲಿಂಗ್‌ನ ಅಂಚಿನಲ್ಲಿ ಕಂದು ಗೆರೆ ಕಂಡಾಕ್ಷಣ ಅದನ್ನು ಇಡಿಯಾಗಿ ಕೀಳಬೇಡಿ. ಎಲೆ-ಅಡಿಕೆ ಜಗಿಯುವವರು ಹೆಚ್ಚಿರುವ ಮಂಗಳೂರು, ಉಡುಪಿ ಕಡೆ ಅದು ಎಷ್ಟೋ ಸಲ ಬರೀ ಕಲೆ. ಪ್ಯೂಮಿಸ್‌ನಿಂದ (ಹಲ್ಲು ಉಜ್ಜುವ ಕಲ್ಲುಪುಡಿ) ಉಜ್ಜಿ, ಒಣಗಿಸಿ ನೋಡಿ. ಕಾಂಪೋಸಿಟ್‌ಗೂ ಹಲ್ಲಿಗೂ ಹೆಚ್ಚುಕಡಿಮೆ ಒಂದೇ ಬಣ್ಣ; ಪೂರ್ತಿ ತೆಗೆಯಹೊರಟರೆ ಒಳ್ಳೆ ಹಲ್ಲೂ ಸವೆದು ಹೋಗುತ್ತದೆ. ಫಿಲ್ಲಿಂಗ್ ಅಲುಗಾಡುತ್ತಿದ್ದರೆ ಅಥವಾ ಅಡಿಯಲ್ಲೆಲ್ಲ ಹುಳುಕು ಹಬ್ಬಿದ್ದರೆ ಮಾತ್ರ ಬದಲಿಸಲೇಬೇಕು.

ಹೊಸ ಕಾಂಪೋಸಿಟ್‌ನ ಶೇಡ್ (ಬಣ್ಣದ ಛಾಯೆ) ಮೊದಲೇ ಆರಿಸಿ. ಹಲ್ಲು ಒಣಗಿದರೆ ಬಿಳುಪಾಗಿ ಕಾಣುತ್ತದೆ. ಆಮೇಲೆ ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಹಾಕಿ, ಕೆಟ್ಟ ಭಾಗವನ್ನಷ್ಟೇ ಬರ್‌ನಿಂದ (ಕೊರೆಯುವ ಮೊನೆ) ತೆಗೆದು, ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಅಂಚನ್ನು ಸ್ವಲ್ಪ ಇಳಿಜಾರು ಮಾಡಿ.

ರಿಪೇರಿ ಬಿಟ್ಟುಬರುವುದು ಹೆಚ್ಚಾಗಿ ಮುಂದಿನ ಹಂತದಲ್ಲೇ. ಹಳೆ ಕಾಂಪೋಸಿಟ್‌ನಲ್ಲಿ ಹೊಸದರೊಡನೆ ಬೆಸೆಯಬಲ್ಲ ರಾಸಾಯನಿಕ ಕೊಂಡಿಗಳು ತೀರಾ ಕಡಿಮೆ, ಹಿಡಿತ ಬಹುಪಾಲು ಒರಟು ಮೇಲ್ಮೈಯಿಂದ. ಫಾಸ್ಫಾರಿಕ್ ಆ್ಯಸಿಡ್ ಅದನ್ನು ಒರಟು ಮಾಡುವುದಿಲ್ಲ, ತೊಳೆಯುತ್ತದೆ ಅಷ್ಟೇ. 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು ಗಾಳಿಯೊತ್ತಡದಲ್ಲಿ ಹಾಯಿಸಿ. ಆ ಯಂತ್ರವಿಲ್ಲದಿದ್ದರೆ ದಪ್ಪ ಕಣದ ಡೈಮಂಡ್ ಬರ್ ಸಾಕು. ನಂತರ 37% ಆ್ಯಸಿಡ್: ಎನಾಮಲ್‌ಗೆ 15-30 ಸೆಕೆಂಡ್, ಡೆಂಟಿನ್‌ಗೆ (ಎನಾಮಲ್‌ನ ಒಳಗಿನ ಪದರ) 15 ದಾಟಬಾರದು. ತೊಳೆದ ಮೇಲೆ ಕಾಂಪೋಸಿಟ್‌ಗೆ ಸಿಲೇನ್ (ಅದರೊಳಗಿನ ಗಾಜಿನ ಕಣಗಳನ್ನು ಹೊಸ ರಾಳಕ್ಕೆ ಬೆಸೆಯುವ ದ್ರವ) ಹಚ್ಚಿ ಒಣಗಿಸಿ. ಬಳಿಕ ಬಾಂಡ್ (ಅಂಟು ದ್ರವ) ಉಜ್ಜಿ, ಗಾಳಿಯಿಂದ ತೆಳ್ಳಗೆ ಮಾಡಿ, ಅದನ್ನು ಗಟ್ಟಿಯಾಗಿಸುವ ಲೈಟ್ ಹಿಡಿಯಿರಿ.

ಮಳೆಗಾಲದಲ್ಲಿ ಆ ಗಾಳಿಯನ್ನೇ ನಂಬಬೇಡಿ. ಕಂಪ್ರೆಸರ್ ಟ್ಯಾಂಕಿನಲ್ಲಿ ನಿಂತ ನೀರು ಗಾಳಿ ಊದುವ ಸಿರಿಂಜಿನ ತುದಿಯವರೆಗೂ ಬರುತ್ತದೆ. ದಿನವೂ ಅದನ್ನು ಬಸಿಯಿರಿ. ಬಾಂಡ್ ಹಚ್ಚುವ ಮೊದಲು ಬಾಯಿಕನ್ನಡಿಗೆ ಗಾಳಿ ಊದಿ ನೋಡಿ: ಮಂಜು ಕಟ್ಟಿದರೆ ಅಥವಾ ಎಣ್ಣೆ ಚುಕ್ಕೆ ಕಂಡರೆ ಕೆಲಸ ನಿಲ್ಲಿಸಿ. ಫ್ರಿಜ್‌ನಿಂದ ತೆಗೆದ ಬಾಂಡ್ ಬಾಟಲಿಯನ್ನು ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಿರಿ.

ಕಾಂಪೋಸಿಟ್ ಅನ್ನು 2 ಮಿ.ಮೀ. ಮೀರದ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೆ 20 ಸೆಕೆಂಡ್ ಲೈಟ್. ಕೊನೆಯ ಪದರದ ಮೇಲೆ ಗ್ಲಿಸರಿನ್ ಜೆಲ್ ಹಚ್ಚಿ ಇನ್ನೊಮ್ಮೆ ಹಿಡಿದರೆ, ಆಮ್ಲಜನಕ ತಾಗಿ ಅರೆಬರೆಯಾಗಿ ಉಳಿಯುವ ಅಂಟು ಪದರವೂ ಗಟ್ಟಿಯಾಗುತ್ತದೆ.

ಬೈಟ್ (ಕಚ್ಚಿದಾಗ ಹಲ್ಲು ಕೂಡುವ ಬಗೆ) ನೋಡಿ, ಪಾಲಿಶ್ ಮುಗಿಸಿ, ಆಮೇಲಷ್ಟೇ ಸೀಲ್ (ಅಂಚು ಮುಚ್ಚುವ ತೆಳು ಪದರ). ಪಾಲಿಶ್ ಮಾಡುವಾಗ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಏಳಬಹುದು. ಅಂಚಿನಿಂದ 1-2 ಮಿ.ಮೀ. ಆಚೆಗೂ 15 ಸೆಕೆಂಡ್ ಎಚ್ ಮಾಡಿ (ಅದೇ ಆ್ಯಸಿಡ್ ಹಚ್ಚಿ), ತೊಳೆದು ಪೂರ್ತಿ ಒಣಗಿಸಿ, ನೀರಿನಂತೆ ತೆಳುವಾದ ಸೀಲರ್ ಹಚ್ಚಿ, ಊದಿ, ಲೈಟ್ ಕೊಡಿ. ಪಕ್ಕದ ಹಲ್ಲಿಗೆ ಅಂಟದಂತೆ ನಡುವೆ ಪಟ್ಟಿ ಇರಲಿ. ಸೀಲ್ ಆದ ಮೇಲೆ ಮತ್ತೆ ಬರ್ ತಾಗಿಸಿದರೆ ಆ ಜಾಗದ ಪದರ ಹೋಯಿತೆಂದೇ ಲೆಕ್ಕ. ಅಲ್ಲಿಗೆ ಹೊಸದಾಗಿ ಎಚ್ ಮಾಡಿ ಹಚ್ಚಿ.