ಹಟಮಾರಿ ಕೋಸು ಕೊನೆಗೂ ಭ್ರೂಣ ಕೊಟ್ಟಿತು: ಮೈಕ್ರೋಸ್ಪೋರ್ ಕಲ್ಚರ್‌ನಲ್ಲಿ ನನ್ನ ಅನುಭವ

ಮೂರು ಸೀಸನ್ ಒಂದೇ ಒಂದು ಭ್ರೂಣ ಕೊಡದಿದ್ದ ಎಲೆಕೋಸಿನ ಲೈನು (ತಳಿ) ನಾಲ್ಕನೇ ಸಲ ಒಂದೇ ಡಿಶ್‌ನಲ್ಲಿ 40ಕ್ಕೂ ಹೆಚ್ಚು ಕೊಟ್ಟಿತು. ಮೈಕ್ರೋಸ್ಪೋರ್ ಅಂದರೆ ಮೊಗ್ಗಿನೊಳಗಿನ ಎಳೆಯ ಪರಾಗಕಣ. ಅದನ್ನು ಬೇರ್ಪಡಿಸಿ ಮೀಡಿಯಾದಲ್ಲಿ, ಅಂದರೆ ಪೋಷಕ ದ್ರವದಲ್ಲಿ, ಭ್ರೂಣವಾಗಿ ಬೆಳೆಸುವುದೇ ಈ ಕಲ್ಚರ್. ಪರಾಗದಲ್ಲಿ ಕ್ರೋಮೋಸೋಮ್ ಅರ್ಧವೇ ಇರುತ್ತದೆ, ಅದು ಡಬಲ್ ಆದರೆ ಒಂದೇ ಏಟಿಗೆ ಶುದ್ಧ ಲೈನ್ ಸಿಗುತ್ತದೆ. ಕತ್ತಲೆ ಇನ್‌ಕ್ಯುಬೇಟರ್‌ನಿಂದ ಡಿಶ್ ಹೊರತೆಗೆದು ಬೆಳಕಿಗೆ ಹಿಡಿದಾಗ ಸಾಸಿವೆಗಿಂತ ಸಣ್ಣ, ಹಾಲುಬಿಳುಪಿನ ಕಾಳುಗಳು ತಳದಲ್ಲಿ ಹೊರಳಾಡುತ್ತಿದ್ದವು. ಕಂಟಾಮಿನೇಷನ್ ಇರಬಹುದೆಂದು ಎದೆ ಧಸಕ್ಕೆಂದಿತು. ಮೈಕ್ರೋಸ್ಕೋಪ್ ಕೆಳಗಿಟ್ಟರೆ ಅಚ್ಚುಕಟ್ಟಾದ ಹೃದಯದಾಕಾರದ ಭ್ರೂಣಗಳು, ಕೆಲವು ಆಗಲೇ ಉದ್ದಕ್ಕೆ ಬೆಳೆದ ಟಾರ್ಪೀಡೋ ಹಂತ.

ಇದು ಆಗುವ ಕೆಲಸವೆಂದು ಲ್ಯಾಬ್‌ನಲ್ಲಿ ಯಾರೂ ನಂಬಿರಲಿಲ್ಲ. "ಬಿಡಿ ಸರ್, ಇದು ರೇಪ್‌ಸೀಡ್‌ಗೆ ಒಗ್ಗಿದ ಕೆಲಸ. ಈ ಲೈನ್ ಜಪ್ಪಯ್ಯ ಅಂದ್ರೂ ಒಪ್ಪಲ್ಲ, ಸೆಲ್ಫಿಂಗ್ ಮಾಡ್ಕೊಂಡು ಹೋಗೋಣ" ಎಂದೇ ಜೊತೆಗಾರರು ಹೇಳುತ್ತಿದ್ದರು. ಸಂಶೋಧಕ ಲಿಖ್ಟರ್ 1982ರಲ್ಲಿ ಮೈಕ್ರೋಸ್ಪೋರ್ ಬೇರ್ಪಡಿಸಿ ಗಿಡ ಮಾಡಿ ತೋರಿಸಿದ್ದು ಸಾಸಿವೆ ಕುಲದ ಎಣ್ಣೆಬೆಳೆಯಾದ ರೇಪ್‌ಸೀಡ್‌ನಲ್ಲೇ, ನಿಜ. ಆದರೆ ಕೋಸಿನಲ್ಲಿ ಸೆಲ್ಫಿಂಗ್ (ತನ್ನದೇ ಪರಾಗದಿಂದ ತಲೆಮಾರುಗಟ್ಟಲೆ ಬೀಜ ಮಾಡಿ ಲೈನ್ ಶುದ್ಧ ಮಾಡುವುದು) ಅಂದರೆ ಚಳಿ ಕೊಡದೆ ಹೂವಿಲ್ಲ, ವರ್ಷಕ್ಕೊಂದೇ ತಲೆಮಾರು. ಆರು ವರ್ಷ ಕಾದು ಕೊನೆಗೆ ಸೊರಗಿದ ಲೈನ್ ಕೈಗೆ ಬಂದ ಕಥೆ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ಮೊದಲ ಸೀಸನ್ ಹಾಳಾದದ್ದು ನನ್ನ ಜಿಪುಣತನದಿಂದ. ಮೀಡಿಯಾದಿಂದ ಕ್ರಿಮಿ ಸೋಸಲು ಒಮ್ಮೆ ಬಳಸಿ ಎಸೆಯಬೇಕಾದ ಫಿಲ್ಟರ್‌ಗಳನ್ನು ತೊಳೆದು ಮತ್ತೆ ಬಳಸಿದೆ. ನಾವು ಬಳಸುವ ಎನ್‌ಎಲ್‌ಎನ್ ಎಂಬ ಮೀಡಿಯಾಕ್ಕೆ 13 ಪರ್ಸೆಂಟ್ ಸಕ್ಕರೆ ಹಾಕಿರುತ್ತೇವೆ, ಬ್ಯಾಕ್ಟೀರಿಯಾಕ್ಕೆ ಅದು ಹಬ್ಬದೂಟ. ಮೂರನೇ ದಿನಕ್ಕೆ 60 ಡಿಶ್‌ನಲ್ಲಿ 50ರಷ್ಟು ಮೋಡ ಕವಿದಂತಾದವು. ಫಿಲ್ಟರ್‌ನಲ್ಲಿ ಉಳಿಸಿದ ದುಡ್ಡಿನ ಸುಮಾರು ಎಂಟು ಪಟ್ಟು ಗ್ಲುಟಮಿನ್ (ಮೀಡಿಯಾಕ್ಕೆ ಹಾಕುವ ಅಮೈನೋ ಆಮ್ಲ) ಮತ್ತು ಡಿಶ್‌ಗಳಲ್ಲಿ ಹೋಯಿತು. ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ, ಫಿಲ್ಟರೇ ಬೇಡವೆಂದು ಮೀಡಿಯಾವನ್ನು ಆಟೋಕ್ಲೇವ್ ಮಾಡಿದೆ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿದೆ. ಸಕ್ಕರೆ ಕಂದಿತು, ಗ್ಲುಟಮಿನ್ ಕೆಟ್ಟಿತು, ಒಂದು ಕೋಶವೂ ಮಿಸುಕಲಿಲ್ಲ.

ಎರಡನೇ ಸೀಸನ್ ಪೂರ್ತಿ ಮೀಡಿಯಾದ ಹಿಂದೆ ಬಿದ್ದೆ. ಹಾರ್ಮೋನ್ ಬದಲಿಸಿದೆ, ಪಿಎಚ್ ಬದಲಿಸಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೂರನೆಯದರಲ್ಲಿ ಹೀಟ್ ಶಾಕ್, ಅಂದರೆ ಪರಾಗಕಣ ದಾರಿ ಬದಲಿಸಿ ಭ್ರೂಣವಾಗಲೆಂದು ಕೊಡುವ ಬಿಸಿಯ ಪೆಟ್ಟು, ಕೈಕೊಟ್ಟಿತು. ನಾನು ಕೊಡುವುದು 32.5 ಡಿಗ್ರಿ, 24 ಗಂಟೆ, ಆಮೇಲೆ 25 ಡಿಗ್ರಿಯ ಕತ್ತಲೆ. ಇನ್‌ಕ್ಯುಬೇಟರ್‌ನ ಡಿಸ್‌ಪ್ಲೇ 32.5 ಎಂದೇ ತೋರಿಸುತ್ತಿತ್ತು. ಒಂದು ದಿನ ಅನುಮಾನ ಬಂದು ಒಳಗಿನ ತಟ್ಟೆಯ ಮೇಲೆ ಬೇರೆ ಥರ್ಮಾಮೀಟರ್ ಇಟ್ಟೆ. ಮೇಲಿನ ತಟ್ಟೆ 36ರ ಹತ್ತಿರ, ಕೆಳಗಿನದು 31! ಇಡೀ ಸೀಸನ್ ಕೋಶಗಳನ್ನು ಬೇಯಿಸುತ್ತಾ ಕೂತಿದ್ದೆ. ಹೊಸ ಇನ್‌ಕ್ಯುಬೇಟರ್‌ಗೆ ದುಡ್ಡಿರಲಿಲ್ಲ. ಹಳೆಯದಕ್ಕೇ ಒಂದು ಸಣ್ಣ ಫ್ಯಾನ್ ಕೂರಿಸಿದೆ, ವ್ಯತ್ಯಾಸ ಅರ್ಧ ಡಿಗ್ರಿಗೆ ಇಳಿಯಿತು.

ಆದರೂ ಬೀಗ ತೆಗೆದದ್ದು ಗಿಡ, ಡಿಶ್ ಅಲ್ಲ. ನಾನು ಮೊಗ್ಗು ಕೀಳುತ್ತಿದ್ದದ್ದು ಬಯಲಲ್ಲಿ ಬಿಸಿಲುಂಡು ಬೆಳೆದ ಗಿಡಗಳಿಂದ. ನಾಲ್ಕನೇ ಸಲ ತಾಯಿಗಿಡಗಳನ್ನು ಚೇಂಬರ್‌ನಲ್ಲಿ ಹಗಲು 16-17, ರಾತ್ರಿ 11-12 ಡಿಗ್ರಿಯಲ್ಲಿ ಇಟ್ಟೆ. ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಆ ಚೇಂಬರ್‌ನ ಕರೆಂಟಿಗೇ ಹೋಯಿತು. ಹೋದರೆ ಹೋಗಲಿ. ಮೊಗ್ಗಿನ ಅಳತೆಯನ್ನೂ ಪ್ರತಿ ಲೈನ್‌ಗೂ ಬೇರೆಯಾಗಿ ತೆಗೆದೆ. ಒಂದಕ್ಕೆ 4ರಿಂದ 4.5 ಮಿಲಿಮೀಟರ್ ಸರಿಹೋದರೆ ಇನ್ನೊಂದಕ್ಕೆ 3.5. ಬರೀ ಉದ್ದ ನಂಬಬೇಡಿ, ಒಂದು ಮೊಗ್ಗು ಬಿಡಿಸಿ ನೋಡಿ. ದಳವು ಪರಾಗಕೋಶದ ಅರ್ಧ ದಾಟಿ ಮುಕ್ಕಾಲು ಮುಟ್ಟುವ ಹೊತ್ತಿಗೆ ನನ್ನ ಲೈನ್‌ಗಳಲ್ಲಿ ಲೇಟ್ ಯೂನಿನ್ಯೂಕ್ಲಿಯೇಟ್ ಹಂತ (ಪರಾಗಕಣದ ಒಂದೇ ಕೋಶಕೇಂದ್ರ ಇನ್ನೇನು ಇಬ್ಭಾಗವಾಗಬೇಕು ಎನ್ನುವ, ನಮಗೆ ಬೇಕಾದ ಹಂತ) ಸಿಗುತ್ತದೆ. ಡ್ಯಾಪಿ (ಕೋಶಕೇಂದ್ರ ಹೊಳೆಯುವಂತೆ ಮಾಡುವ ಬಣ್ಣ) ಹಾಕಿ ಖಚಿತ ಮಾಡಿಕೊಂಡೇ ಕೀಳುತ್ತೇನೆ. ಮೊಗ್ಗು ಕೀಳುವ ಹಿಂದಿನ ವಾರ ಗಿಡಕ್ಕೆ ಇನ್ನೊಂದು ಉಪಚಾರವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆ್ಯಕ್ಟಿವೇಟೆಡ್ ಚಾರ್ಕೋಲ್ ಮಾತ್ರ ಮರೆಯಬೇಡಿ, ಡಿಶ್‌ಗೆ ಎರಡು ಹನಿ ಸಾಕು. ಅದಿಲ್ಲದ ಡಿಶ್‌ಗಳಲ್ಲಿ ನನಗೆ ಸಿಕ್ಕಿದ್ದು ಮೂರನೇ ಒಂದು ಪಾಲು.

ಕೈ ತುರಿಸಿ ಅದೇ ವಾರ ಬ್ರೊಕೋಲಿ, ಹೂಕೋಸು, ನವಿಲುಕೋಸಿನ ಮೊಗ್ಗುಗಳನ್ನೂ ಹಾಕಿದೆ. ಜಾತಿ ಒಂದೇ, ಎಲ್ಲಕ್ಕೂ 18 ಕ್ರೋಮೋಸೋಮ್. ಸ್ವಭಾವ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಬ್ರೊಕೋಲಿ ಮೊದಲ ಪ್ರಯತ್ನಕ್ಕೇ ಕೋಸಿನ ಎರಡು ಪಟ್ಟು ಭ್ರೂಣ ಕೊಟ್ಟಿತು. ಹೂಕೋಸು ನಾಲ್ಕೈದು ಕೊಟ್ಟು ಸುಮ್ಮನಾಯಿತು. ನವಿಲುಕೋಸು ಸೊನ್ನೆ.

ಭ್ರೂಣ ಬಂತೆಂದು ಬೀಗುವ ಹಾಗಿಲ್ಲ, ಅದು ಗಿಡವಾಗಬೇಕು. ಮೊದಲು ನೂರಕ್ಕೆ 15 ಕೂಡ ಆಗಲಿಲ್ಲ. ದಪ್ಪಗೆ ಊದಿಕೊಂಡು ಗಾಜಿನಂತಾಗುತ್ತಿದ್ದವು, ಚಿಗುರೇ ಇಲ್ಲ. ಅಗಾರ್ ಅನ್ನು 0.8ರಿಂದ 1.2 ಪರ್ಸೆಂಟ್‌ಗೆ ಏರಿಸಿ ಮೀಡಿಯಾ ಗಟ್ಟಿ ಮಾಡಿದ್ದೇ ತಡ, 40ರ ಹತ್ತಿರ ಬಂತು. ಇಷ್ಟು ಸಣ್ಣ ವಿಷಯಕ್ಕೆ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ಪ್ಲಾಯ್ಡಿ, ಅಂದರೆ ಗಿಡದಲ್ಲಿ ಕ್ರೋಮೋಸೋಮ್ ಅರ್ಧವೇ ಇದೆಯೇ ಡಬಲ್ ಆಗಿದೆಯೇ ಎಂದು ನೋಡಲು, ಫ್ಲೋ ಸೈಟೋಮೀಟರ್‌ಗೆ (ಕೋಶದ ಡಿಎನ್‌ಎ ಅಳೆಯುವ ಯಂತ್ರ) ಸ್ಯಾಂಪಲ್ ಕಳಿಸುವ ಶಕ್ತಿ ಇರಲಿಲ್ಲ. ಎಲೆಯ ಕೆಳಗಿನ ಸಿಪ್ಪೆ ಸುಲಿದು ಎಲೆರಂಧ್ರದ ಗಾರ್ಡ್ ಸೆಲ್‌ಗಳ ಕ್ಲೋರೋಪ್ಲಾಸ್ಟ್ (ಹಸಿರು ಕಣ) ಎಣಿಸಿದೆ. ಒಂದು ಕೋಶದಲ್ಲಿ ಆರೇಳು ಇದ್ದರೆ ಹ್ಯಾಪ್ಲಾಯ್ಡ್ (ಕ್ರೋಮೋಸೋಮ್ ಅರ್ಧವೇ), ಹನ್ನೆರಡರ ಆಸುಪಾಸಿದ್ದರೆ ಡಬಲ್ ಆಗಿದೆ ಎಂದು ಹಿಡಿದೆ. ಅರ್ಧಕ್ಕಿಂತ ಹೆಚ್ಚು ತಾವಾಗಿಯೇ ಡಬಲ್ ಆಗಿದ್ದವು, ಕ್ರೋಮೋಸೋಮ್ ಡಬಲ್ ಮಾಡುವ ಕಾಲ್ಚಿಸಿನ್ ಬಾಟಲಿ ಮುಚ್ಚಳ ತೆಗೆದದ್ದು ಎರಡೇ ಸಲ.

ಬೀಜ ಮಾಡುವುದು ಮತ್ತೊಂದು ಪಾಡು. ಸೆಲ್ಫ್ ಇನ್‌ಕಂಪ್ಯಾಟಿಬಿಲಿಟಿಯಿಂದ ಅರಳಿದ ಹೂವು ತನ್ನದೇ ಪರಾಗ ಒಪ್ಪುವುದಿಲ್ಲ. ಆ ತಡೆ ಇನ್ನೂ ಬಂದಿರದ ಮೊಗ್ಗನ್ನು ಚಿಮುಟದಲ್ಲಿ ಬಿಡಿಸಿ ಪರಾಗ ಸವರುವ ಬಡ್ ಪಾಲಿನೇಷನ್ ಮಾಡಲು ಇಬ್ಬರ ದಿನಗೂಲಿ ಬೇಕಿತ್ತು. ಆ ತಡೆ ಮುರಿಯಲು 3 ಪರ್ಸೆಂಟ್ ಉಪ್ಪುನೀರನ್ನು ಅರಳಿದ ಹೂವಿಗೆ ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು ಪರಾಗ ಸವರಿ ನೋಡಿದೆ. ಐದು ಲೈನ್‌ಗಳಲ್ಲಿ ಎರಡು ಕಾಯಿಗೆ ನಾಲ್ಕೈದು ಬೀಜ ಕೊಟ್ಟವು, ಉಳಿದವುಗಳ ಶಲಾಕಾಗ್ರವೇ (ಹೂವಿನಲ್ಲಿ ಪರಾಗ ಅಂಟುವ ತುದಿ) ಸುಟ್ಟು ಕಪ್ಪಾಯಿತು. ಬಡ್ ಪಾಲಿನೇಷನ್‌ನಲ್ಲಾದರೆ ಕಾಯಿಗೆ ಎಂಟೊಂಬತ್ತು ಬರುತ್ತಿತ್ತು. ಹಾಗಾಗಿ ಆ ಎರಡಕ್ಕೆ ಮಾತ್ರ ಉಪ್ಪು, ಮಿಕ್ಕವಕ್ಕೆ ಚಿಮುಟ.

ಈಗ ನನ್ನ ಫ್ರಿಜ್‌ನಲ್ಲಿ 23 ಲೈನ್‌ಗಳ ಬೀಜವಿದೆ. ಅದರಲ್ಲಿ ಒಂದನ್ನು ಪಾತಿಯಲ್ಲಿ ಹಾಕಿದ್ದೆ. 50 ಗಿಡವೂ ಒಂದೇ ಎತ್ತರ, ಒಂದೇ ಎಲೆಬಣ್ಣ, ಮೂರು ದಿನದ ಅಂತರದಲ್ಲಿ ಎಲ್ಲ ಗೆಡ್ಡೆ ಕಟ್ಟಿದವು. ಸೆಲ್ಫಿಂಗ್ ಮಾಡೋಣ ಎಂದಿದ್ದ ಜೊತೆಗಾರರು ಪಾತಿಯ ಆ ತುದಿಯಿಂದ ಈ ತುದಿಯವರೆಗೆ ಎರಡು ಸಲ ನಡೆದು, ಅವರ ಕೆಂಪುಕೋಸಿನ ಮೊಗ್ಗು ಯಾವಾಗ ತರಲಿ ಎಂದು ಕೇಳಿದರು. ಮೊದಲು ಗಿಡ ತಂದು ಚೇಂಬರ್‌ನಲ್ಲಿಡಿ ಎಂದೆ.